ಬೀಗದ ಪೆಟ್ಟಿಗೆ ಏನು ತಡೆಯಿತು?

ಮಾನಸಿಕ ಆರೋಗ್ಯ ಶಿಬಿರ ಮುಗಿದ ಮೇಲೆ ವರದಿಗೆ ಬೇಕಾಗುವುದು ಎರಡೇ: ಎಷ್ಟು ಜನ ಬಂದರು, ಫೋಟೋ ಎಲ್ಲಿ. ಅದರಿಂದ ಶಿಬಿರ ನಡೆದದ್ದು ತಿಳಿಯುತ್ತದೆ, ಜನರಿಗೆ ಏನಾಯಿತೆಂಬುದು ತಿಳಿಯುವುದಿಲ್ಲ. ತಡೆಗಟ್ಟುವ ಕೆಲಸದ ಫಲವೆಂದರೆ ಆಗದೆ ಉಳಿದ ಅನಾಹುತ. ಆಗದ್ದನ್ನು ಎಣಿಸುವುದು ಹೇಗೆ?

ಶ್ರೀಲಂಕಾದಲ್ಲಿ ಇದಕ್ಕೊಂದು ದಾರಿ ಹುಡುಕಿದರು. ಕೀಟನಾಶಕ ಕುಡಿಯುವುದನ್ನು ತಡೆಯಲು ರೈತರ ಮನೆಗಳಿಗೆ ಬೀಗದ ಪೆಟ್ಟಿಗೆ ಕೊಡುವ ಯೋಜನೆಯೊಂದು ಅಲ್ಲಿತ್ತು. ಯಾರಾದರೂ ಒಪ್ಪುವ ಉಪಾಯ. ಆದರೆ ಸಂಶೋಧಕರು 180 ಹಳ್ಳಿಗಳನ್ನು ಚೀಟಿ ಎತ್ತಿದಂತೆ ಎರಡು ಪಾಲು ಮಾಡಿ, ಒಂದು ಪಾಲಿಗಷ್ಟೇ ಪೆಟ್ಟಿಗೆ ಕೊಟ್ಟು, ಮೂರು ವರ್ಷ ಕೀಟನಾಶಕ ಕುಡಿದವರ ಲೆಕ್ಕವಿಟ್ಟರು. 2017ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಎರಡೂ ಪಾಲಿನ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ಹಂಚಿದ ಪೆಟ್ಟಿಗೆಗಳನ್ನಷ್ಟೇ ಎಣಿಸಿದ್ದರೆ ಅದು ಭಾರಿ ಯಶಸ್ಸು! ಇನ್ನೊಂದೆಡೆ, ಅದೇ ದೇಶ ಅತಿ ವಿಷಕಾರಿ ಕೀಟನಾಶಕಗಳನ್ನು ಅಂಗಡಿಯಿಂದಲೇ ತೆಗೆಸಿತ್ತು. 1995ರ ನಂತರದ ಎರಡು ದಶಕಗಳಲ್ಲಿ ಅಲ್ಲಿನ ಆತ್ಮಹತ್ಯೆ ಪ್ರಮಾಣ ಸುಮಾರು ಶೇ. 70ರಷ್ಟು ಇಳಿಯಿತು.

ವಿದರ್ಭದ 30 ಹಳ್ಳಿಗಳಲ್ಲಿ ನಡೆದ ‘ವಿಶ್ರಾಮ್’ ಎಂಬ ಮಾನಸಿಕ ಆರೋಗ್ಯ ಕಾರ್ಯಕ್ರಮ ನಮಗೆ ಹತ್ತಿರದ್ದು. ಖಿನ್ನತೆಯಿದ್ದವರಲ್ಲಿ ನೆರವು ಪಡೆದವರ ಪ್ರಮಾಣ 18 ತಿಂಗಳಲ್ಲಿ ಶೇ. 4.3ರಿಂದ 27.2ಕ್ಕೆ ಏರಿತು. ಮನೆಮನೆಗೆ ಹೋಗಿ ಕೇಳಿದ್ದರಿಂದ, ಎಲ್ಲಿಗೂ ಬಾರದವರೂ ಲೆಕ್ಕಕ್ಕೆ ಸಿಕ್ಕರು. ಖಿನ್ನತೆಯೂ ಇಳಿದಿತ್ತು. ಆದರೆ ಹೋಲಿಸಲು ಕಾರ್ಯಕ್ರಮವಿಲ್ಲದ ಹಳ್ಳಿಗಳಿರಲಿಲ್ಲ. ಬೆಳೆ ಬಂದು ಸಾಲ ತೀರಿದರೂ ಮನಸ್ಸು ಹಗುರಾಗುತ್ತದಲ್ಲವೇ?

ದಕ್ಷಿಣ ಸೋಲಾಪುರ ತಾಲೂಕಿನ ಮಂದ್ರೂಪದಂಥ ಊರಿನಲ್ಲಿ ಅಳೆಯುವುದೇ ತೊಡಕು. ಎಷ್ಟೋ ಮನೆಗಳಲ್ಲಿ ಮಾತು ಕನ್ನಡ, ಸರಕಾರಿ ಫಾರಂ ಮರಾಠಿ. ಸಂತೆಗೆ ಸಾಕಾಗುವಷ್ಟೇ ಮರಾಠಿ ಬರುವ ಅಜ್ಜಿಯನ್ನು, ಬದುಕು ಸಾಕೆನಿಸಿದೆಯೇ ಎಂದು ಆ ಫಾರಂ ಹಿಡಿದು ಕೇಳಿದರೆ ‘ಇಲ್ಲ’ ಎಂದು ಮುಗಿಸಿಬಿಡುತ್ತಾಳೆ. ಸೊಸೆ ಪಕ್ಕದಲ್ಲೇ ಕೂತಿದ್ದರಂತೂ ಕೇಳುವುದೇ ಬೇಡ. ಕೇಳುವವರು ಕನ್ನಡದವರಾಗಿರಬೇಕು, ಕಾರ್ಯಕ್ರಮ ನಡೆಸಿದವರು ಆಗಿರಬಾರದು. ಇನ್ನು ಆತ್ಮಹತ್ಯೆಯ ಸಂಖ್ಯೆ: ಒಂದೇ ಊರಿನಲ್ಲಿ ಒಂದು ವರ್ಷ ಎರಡು, ಮರುವರ್ಷ ಸೊನ್ನೆ ಎಂದರೆ ಏನೂ ಸಾಬೀತಾಗದು. ಅಕ್ಕಲಕೋಟೆಯವರೆಗಿನ ಹಳ್ಳಿಗಳನ್ನೆಲ್ಲ ಸೇರಿಸಿ ಕೆಲವು ವರ್ಷ ಎಣಿಸಬೇಕಾಗುತ್ತದೆ.

ಎಲ್ಲ ಹಳ್ಳಿಗಳಲ್ಲೂ ಒಮ್ಮೆಗೇ ಕೆಲಸ ಶುರುಮಾಡುವಷ್ಟು ಜನ, ಹಣ ಯಾವ ತಾಲೂಕಿನಲ್ಲೂ ಇಲ್ಲ. ಹಾಗಿದ್ದ ಮೇಲೆ ಸರದಿಯನ್ನು ಚೀಟಿಯಿಂದ ನಿರ್ಧರಿಸಬಹುದು. ಕಾಯುತ್ತಿರುವ ಹಳ್ಳಿಗಳೇ ಹೋಲಿಕೆಗೆ ಒದಗುತ್ತವೆ. ಗುಜರಾತಿನ ಮೆಹ್ಸಾನಾದಲ್ಲಿ ‘ಆತ್ಮೀಯತಾ’ ಎಂಬ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು ಹೀಗೆಯೇ ಪರೀಕ್ಷಿಸಿದರು. ಕಾಯಿಸುವುದು ಅನ್ಯಾಯ ಎನ್ನುವವರಿದ್ದಾರೆ. ಈಗಲೂ ಹಳ್ಳಿಗಳು ಕಾಯುತ್ತಲೇ ಇವೆ; ಯಾರು ಮೊದಲು ಎಂಬುದನ್ನು ಬಹಳ ಸಲ ಪುಢಾರಿಯ ಫೋನು ನಿರ್ಧರಿಸುತ್ತದೆ, ಅಷ್ಟೇ.