ಬಿರಿಯಾನಿ ಪೊಟ್ಟಣದ ಸವಾಬು

ಈದ್ ಮಿಲಾದಿನ ವಾರ ನಮ್ಮೂರಿನ ವಿಕಲಚೇತನರ ಹಗಲು ಆರೈಕೆ ಕೇಂದ್ರದ ಮುಂದೆ ಕಾರು ನಿಲ್ಲಿಸಲು ಜಾಗ ಸಿಗುವುದಿಲ್ಲ. ಬಿರಿಯಾನಿ ಪೊಟ್ಟಣ, ಬಾಳೆಹಣ್ಣು, ಸಂಘದ ಬ್ಯಾನರು. ಕಾಲು ಗಂಟೆಯಲ್ಲಿ ಭಾಷಣ, ಹಂಚಿಕೆ, ಫೋಟೋ ಎಲ್ಲ ಮುಗಿಸಿ ಸವಾಬು ಗಳಿಸಿದವರು ಹೊರಟುಬಿಡುತ್ತಾರೆ. ಪೊಟ್ಟಣ ಬಿಚ್ಚುವ ಹೊತ್ತಿಗೆ ಅಲ್ಲಿ ಉಳಿಯುವವರು ಇಬ್ಬರು ಆಯಾಗಳು ಮತ್ತು ಶನಿವಾರಕ್ಕೊಮ್ಮೆ ಹೋಗುವ ನಾವು.

ಆ ಬಿರಿಯಾನಿಯನ್ನು ಅಲ್ಲಿನ ಅರ್ಧದಷ್ಟು ಮಕ್ಕಳು ತಿನ್ನಲಾರರು. ಸೆರೆಬ್ರಲ್ ಪಾಲ್ಸಿ ಇರುವ ಹಲವರಿಗೆ ನುಂಗುವುದೇ ಕಷ್ಟ. ನೆಟ್ಟಗೆ ಕೂರಿಸಿ, ತಲೆ ಹಿಂದಕ್ಕೆ ವಾಲದಂತೆ ಹಿಡಿದು, ಕಿವುಚಿದ ಅನ್ನವನ್ನು ಚಿಕ್ಕ ಚಮಚದಲ್ಲಿ ಕೊಡಬೇಕು. ಒಂದು ತುತ್ತು ಇಳಿದ ಮೇಲೆ ಇನ್ನೊಂದು. ಅವಸರ ಮಾಡಿದರೆ ಅನ್ನ ಶ್ವಾಸನಾಳಕ್ಕೆ ಹೋಗುತ್ತದೆ. ಒಬ್ಬೊಬ್ಬರಿಗೂ ಅರ್ಧ, ಮುಕ್ಕಾಲು ಗಂಟೆ. ನಾವೂ ಮೊದಲ ದಿನ ಅವಸರ ಮಾಡಿ ಒಬ್ಬ ಹುಡುಗಿಯನ್ನು ಕೆಮ್ಮಿಸಿ ಅಳಿಸಿದವರೇ. ಆಯಾ ನಮ್ಮ ಕೈಯಿಂದ ಚಮಚ ಕಿತ್ತುಕೊಂಡು, "ಸಾರ್, ನೀವು ಹೋಗಿ ಕುರ್ಚಿ ಜೋಡಿಸಿ" ಎಂದಿದ್ದರು. ಸರಿಯಾಗಿಯೇ ಹೇಳಿದ್ದರು.

ಹಣ ಬೇಡವೆಂದು ಯಾರೂ ಹೇಳುತ್ತಿಲ್ಲ. ಆದರೆ ಝಕಾತಿನ ಲೆಕ್ಕವನ್ನು ಪೈಸೆ ಬಿಡದೆ ಹಾಕುವ ನಾವು ವಾರಕ್ಕೆ ಎರಡು ಗಂಟೆ ಕೊಡಿ ಎಂದರೆ ಏಕೆ ಬೆಚ್ಚುತ್ತೇವೆ?

ಸೂರಃ ಅಬಸದ ಹಿನ್ನೆಲೆಯನ್ನು ಎಷ್ಟು ಖುತುಬಾಗಳಲ್ಲಿ ಕೇಳಿಲ್ಲ! ಪ್ರವಾದಿ(ಸ)ಯವರು ಕುರೈಷ್ ಮುಖಂಡರೊಡನೆ ಮಾತಿನಲ್ಲಿ ತೊಡಗಿದ್ದಾಗ ಅಂಧರಾದ ಅಬ್ದುಲ್ಲಾ ಇಬ್ನ್ ಉಮ್ಮಿ ಮಕ್ತೂಮ್ ಬಂದರು. ಪ್ರವಾದಿಯವರು ಅವರತ್ತ ಗಮನ ಕೊಡದಿದ್ದುದಕ್ಕೆ ಅಲ್ಲಾಹನಿಂದಲೇ ಎಚ್ಚರಿಕೆ ಬಂತು. ಅವರು ಬಂದದ್ದು ರೊಟ್ಟಿ ಕೇಳಲಿಕ್ಕಲ್ಲ, ಕಲಿಯಲಿಕ್ಕೆ ಎಂಬುದನ್ನು ನಾವು ಮರೆಯುತ್ತೇವೆ. ಮುಂದೆ ಮದೀನಾದಲ್ಲಿ ಅವರು ಅಝಾನ್ ಕೊಟ್ಟರು, ಪ್ರವಾದಿಯವರು ಊರಲ್ಲಿಲ್ಲದಾಗ ನಮಾಝಿಗೆ ಇಮಾಮರಾದರು. ನಮ್ಮ ಜಮಾಅತ್ ಕಮಿಟಿಯಲ್ಲಿ ಅಂಥ ಒಬ್ಬರಾದರೂ ಇದ್ದಾರೆಯೇ? ವುಝೂ ಮಾಡುವ ಜಾಗಕ್ಕೆ ಇಳಿಯಲು ನಾಲ್ಕು ಮೆಟ್ಟಿಲು. ಗಾಲಿಕುರ್ಚಿಯವರು ಗೇಟಿನಲ್ಲೇ ನಿಲ್ಲಬೇಕು. ವಿಕಲಚೇತನರೆನ್ನಿ, ದಿವ್ಯಾಂಗರೆನ್ನಿ, ಉರ್ದುವಿನ ನಯದಲ್ಲಿ ಕಣ್ಣಿಲ್ಲದವರನ್ನು ಹಾಫಿಜ್‌ಜೀ ಎನ್ನಿ. ಹೆಸರು ಎಷ್ಟು ಸಲ ಬದಲಾದರೂ ಮೆಟ್ಟಿಲು ಮಾತ್ರ ಹಾಗೇ ಇದೆ.

1995ರ ಕಾಯ್ದೆ 7 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿತ್ತು, 2016ರದ್ದು 21 ಬಗೆಗಳನ್ನು. 2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ ಅಂಗವಿಕಲರು 13 ಲಕ್ಷಕ್ಕೂ ಹೆಚ್ಚು. ಎಣಿಸಲು ಬಂದವರಿಗೆ ಎಷ್ಟು ಮನೆಗಳು ನಿಜ ಹೇಳಿದವೋ! ಅಕ್ಕನ ನಿಕಾಹ್ ಆಗುವವರೆಗೆ ತಮ್ಮನನ್ನು ಒಳಕೋಣೆಯಲ್ಲಿ ಬಚ್ಚಿಟ್ಟ ಮನೆ ನಮ್ಮ ಬೀದಿಯಲ್ಲೇ ಇತ್ತು. ಆ ಹುಡುಗನೀಗ ಕೇಂದ್ರಕ್ಕೆ ಬರುತ್ತಾನೆ. ಬೆಳಿಗ್ಗೆ ಹತ್ತರಿಂದ ನಾಲ್ಕರವರೆಗೆ ಅವನಮ್ಮ ಬೀಡಿ ಕಟ್ಟುತ್ತಾರೆ, ಒಮ್ಮೊಮ್ಮೆ ಸುಮ್ಮನೆ ಮಲಗುತ್ತಾರೆ. ಹದಿನೇಳು ವರ್ಷದ ನಿದ್ದೆ ಬಾಕಿಯಿದೆ ಅವರಿಗೆ. ಸಿಬ್ಬಂದಿ ಸಾಲದೆಂದು ಕೇಂದ್ರ ಒಂದು ದಿನ ಬಾಗಿಲು ಹಾಕಿದರೆ ಆ ದಿನ ಅದೂ ಇಲ್ಲ.

ಜುಮಾ ಬಳಿಕ ಸ್ವಯಂಸೇವಕರಿಗಾಗಿ ಒಂದು ಪ್ರಕಟಣೆ ಮಾಡಿ ಎಂದು ಮುತವಲ್ಲಿಯವರನ್ನು ಕೇಳಿದೆವು. "ದುಡ್ಡು ಕೇಳಿ ಸಾಹೇಬ್ರೇ, ಕೂಡಿಸಿ ಕೊಡ್ತೀನಿ. ಜನ ಎಲ್ಲಿಂದ ತರಲಿ?" ಎಂದರು. ಆದರೂ ಪ್ರಕಟಣೆ ಮಾಡಿದರು. ಹನ್ನೊಂದು ಮಂದಿ ಹೆಸರು ಬರೆಸಿದರು, ಬಂದವರು ಮೂವರು. ಈಗ ಉಳಿದಿರುವುದು ಪಂಕ್ಚರ್ ಅಂಗಡಿಯ ಒಬ್ಬ ಹುಡುಗ. ಶನಿವಾರ ಹನ್ನೆರಡೂವರೆಗೆ ಅಂಗಡಿ ಮುಚ್ಚಿ, ಉಗುರಿನ ಸಂದಿಯ ಗ್ರೀಸು ಹೋಗುವವರೆಗೆ ಕೈ ತೊಳೆದುಕೊಂಡು ಬರುತ್ತಾನೆ. ನಾವು ಕೆಮ್ಮಿಸಿದ್ದ ಹುಡುಗಿ ಈಗ ಅವನ ಕೈಯಲ್ಲೇ ಉಣ್ಣುವುದು.