ವಕ್ತೃಗಳ ಪಟ್ಟಿಯಿಂದ ಹಾಜರಿ ಪುಸ್ತಕಕ್ಕೆ: ತಡವಾಗಿ ಕಾಲೇಜು ಸೇರುವವರ ಸಿದ್ಧತೆಯನ್ನು ಕುರಿತು

ವಯಸ್ಕರ ಶಿಕ್ಷಣವೆಂದರೆ ಅಕ್ಷರ ಕಲಿಸುವುದು ಎಂಬ ತಿಳುವಳಿಕೆ ನಮ್ಮಲ್ಲಿ ಬಹುಕಾಲದಿಂದ ಬೇರೂರಿದೆ. ಒಂದು ತುದಿಯಲ್ಲಿ ಸಾಕ್ಷರತಾ ಆಂದೋಲನ, ಇನ್ನೊಂದು ತುದಿಯಲ್ಲಿ ದೂರಶಿಕ್ಷಣ. ಇವೆರಡರ ನಡುವೆ ಒಬ್ಬ ವ್ಯಕ್ತಿ ನಿಂತಿರುವುದು ನಮ್ಮ ಶೈಕ್ಷಣಿಕ ಚರ್ಚೆಗಳ ಕಣ್ಣಿಗೆ ಬೀಳುವುದೇ ಅಪರೂಪ. ಹತ್ತನೆಯ ತರಗತಿಯನ್ನೋ ಪಿಯುಸಿಯನ್ನೋ ಹದಿನೈದು ಇಪ್ಪತ್ತು ವರ್ಷಗಳ ಹಿಂದೆ ಮುಗಿಸಿ, ಮದುವೆ, ಬೇಸಾಯ, ಮಕ್ಕಳ ಓದು ಎಲ್ಲವನ್ನೂ ಕಂಡು, ಈಗ ಪದವಿ ತರಗತಿಗೆ ಸೇರಬೇಕೆಂದು ಬಯಸುವವರು ಇವರು. ಇವರಲ್ಲಿ ಹೆಂಗಸರೇ ಹೆಚ್ಚು. ಇಂಥವರ ಸಿದ್ಧತೆಯನ್ನು ಪ್ರವೇಶಾತಿ ವಿಭಾಗದ ಕೆಲಸವೆಂದು ಬಿಟ್ಟುಬಿಡುವುದು ವಾಡಿಕೆ. ಅದು ಮೊದಲಿಗೆ ಕನ್ನಡ ವಿಭಾಗಗಳ ಕೆಲಸ ಎಂಬುದು ಈ ಬರಹದ ನಿಲುವು.

ಚರ್ಚೆಗೆ ಒಂದು ನೆಲ ಬೇಕಾದ್ದರಿಂದ ಹುಣಸೂರು ತಾಲ್ಲೂಕಿನ ಬಿಳಿಕೆರೆ ಹೋಬಳಿಯನ್ನು ಆರಿಸಿಕೊಂಡಿದ್ದೇನೆ. ಮೈಸೂರು-ಹುಣಸೂರು ಹೆದ್ದಾರಿಯ ಮೇಲಿರುವ ಬಿಳಿಕೆರೆಯಲ್ಲಿ ಕೃಷ್ಣರಾಜನಗರ, ಹಾಸನಗಳ ಕಡೆಗೆ ದಾರಿ ಕವಲೊಡೆಯುತ್ತದೆ. ಒಂದು ದಿಕ್ಕಿಗೆ ಹೊರಟರೆ ಹುಣಸೂರಿನ ದೇವರಾಜ ಅರಸು ಸರ್ಕಾರಿ ಪ್ರಥಮ ದರ್ಜೆ ಕಾಲೇಜು, ಇನ್ನೊಂದು ದಿಕ್ಕಿಗೆ ಹೊರಟರೆ ಮಾನಸಗಂಗೋತ್ರಿ. 2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಗೆ ಬಂದಮೇಲೆ ಹೆಂಗಸರಿಗೆ ಸಾಮಾನ್ಯ ಸರ್ಕಾರಿ ಬಸ್ಸಿನ ಖರ್ಚೂ ಇಲ್ಲ. ಹಾಗಾಗಿ ಕಾಲೇಜು ದೂರವೆಂಬ ಹಳೆಯ ಕಾರಣ ಇಲ್ಲಿ ಈಗ ಅಷ್ಟಾಗಿ ನಿಲ್ಲುವುದಿಲ್ಲ. ದಾರಿ ಇದ್ದೂ ಬಾರದಿರುವುದಕ್ಕೆ ಕಾರಣಗಳನ್ನು ಬೇರೆಡೆ ಹುಡುಕಬೇಕಾಗಿದೆ.

ಹುಡುಕುವ ಮೊದಲು ನಮ್ಮ ವಿಭಾಗಗಳ ಒಂದು ವಿಚಿತ್ರ ಸ್ಥಿತಿಯನ್ನು ಗಮನಿಸಬೇಕು. 1966ರಲ್ಲಿ ಮಾನಸಗಂಗೋತ್ರಿಯಲ್ಲಿ ಕನ್ನಡ ಅಧ್ಯಯನ ಸಂಸ್ಥೆ ರೂಪುಗೊಂಡ ನಂತರದ ದಶಕಗಳಲ್ಲಿ ಜಾನಪದ ಕ್ಷೇತ್ರಕಾರ್ಯ ಹಳೆಯ ಮೈಸೂರು ಸೀಮೆಯ ಹಳ್ಳಿಹಳ್ಳಿಗೂ ತಲುಪಿತು. ರಾಗಿ ಬೀಸುವ ಪದ, ಸೋಬಾನೆ, ಒಗಟು, ಗಾದೆ, ಕಥನಗೀತಗಳನ್ನು ನಮಗೆ ಕೊಟ್ಟವರು ಬಹುಪಾಲು ನಡುವಯಸ್ಸು ದಾಟಿದ ಹೆಂಗಸರು. ಪ್ರಬಂಧಗಳ ಕೊನೆಯ ಅನುಬಂಧದಲ್ಲಿ ‘ವಕ್ತೃಗಳು’ ಎಂಬ ತಲೆಬರಹದ ಕೆಳಗೆ ಅವರ ಹೆಸರು, ವಯಸ್ಸು, ಊರು, ಜಾತಿ, ‘ಅನಕ್ಷರಸ್ಥೆ’ ಅಥವಾ ‘ನಾಲ್ಕನೆಯ ತರಗತಿ’ ಎಂಬ ವಿವರಗಳು ಅಚ್ಚಾಗಿವೆ. ಆ ಪಟ್ಟಿಯಲ್ಲಿ ಐವತ್ತರ ವಯಸ್ಸು ಅರ್ಹತೆಯಾಗಿ ಕಾಣುತ್ತದೆ. ಹಿರಿಯರಾದಷ್ಟೂ ಪಠ್ಯ ಶುದ್ಧ ಎಂಬ ನಂಬಿಕೆ ಬೇರೆ. ಅದೇ ಹೆಂಗಸಿನ ಸೊಸೆ, ಪಿಯುಸಿ ಓದಿದ ನಲವತ್ತರ ಹರೆಯದವಳು, ವಿಭಾಗದ ಬಾಗಿಲಿಗೆ ಬಂದರೆ ಮಾತ್ರ ವಯಸ್ಸು ತೊಡಕಾಗಿ ಕಾಣುತ್ತದೆ. ‘ಈ ವಯಸ್ಸಿನಲ್ಲಿ ಏಕಮ್ಮ?’ ಎಂದು ಬಾಯಿಬಿಟ್ಟು ಕೇಳದಿದ್ದರೂ ನಮ್ಮ ವೇಳಾಪಟ್ಟಿ, ಪಠ್ಯಕ್ರಮ, ಪ್ರಶ್ನೆಪತ್ರಿಕೆ ಮೂರೂ ಆ ಪ್ರಶ್ನೆಯನ್ನೇ ಕೇಳುತ್ತವೆ. ಜ್ಞಾನದ ಮೂಲವಾಗಿ ಒಪ್ಪಿದವರನ್ನು ಜ್ಞಾನದ ಹಕ್ಕುದಾರರಾಗಿ ಒಪ್ಪಲು ನಮಗಿರುವ ಹಿಂಜರಿಕೆ ಇದು. ಅಂಚಿನವರ ದನಿಯ ಬಗ್ಗೆ ವಿಚಾರ ಸಂಕಿರಣಗಳಲ್ಲಿ ಇಷ್ಟೊಂದು ಮಾತನಾಡಿರುವ ನಾವು ಈ ಹಿಂಜರಿಕೆಯನ್ನು ಪರಿಶೀಲಿಸಿಲ್ಲವೆಂಬುದು ಸೋಜಿಗ.

ಇನ್ನು ಸಿದ್ಧತೆಯ ವಿಚಾರ. ಕಾಗದಪತ್ರಗಳ ತೊಡಕನ್ನು ಬೇಗ ಹೇಳಿ ಮುಗಿಸಬಹುದು. ಹಳೆಯ ಅಂಕಪಟ್ಟಿಯಲ್ಲಿ ತಂದೆಯ ಹೆಸರು, ಆಧಾರ್ ಚೀಟಿಯಲ್ಲಿ ಗಂಡನ ಹೆಸರು. ವರ್ಗಾವಣೆ ಪತ್ರ ಎಲ್ಲಿಯೋ ಕಳೆದಿದೆ. ಅರ್ಜಿಯನ್ನು ಯುಯುಸಿಎಂಎಸ್ ಜಾಲತಾಣದ ಮೂಲಕವೇ ತುಂಬಬೇಕು, ಅದಕ್ಕೆ ಬರುವ ಸಂಖ್ಯೆ ಮಗನ ಮೊಬೈಲಿಗೆ ಬರುತ್ತದೆ. ಹತ್ತನೆಯ ತರಗತಿಗೇ ಓದು ನಿಂತಿದ್ದರೆ ಪಿಯುಸಿ ಪರೀಕ್ಷೆಯನ್ನು ಖಾಸಗಿ ಅಭ್ಯರ್ಥಿಯಾಗಿ ಬರೆಯಲು ಅವಕಾಶವಿದೆ. ಇವೆಲ್ಲ ತಿಳಿದವರು ಒಬ್ಬರು ಜೊತೆಗೆ ಕುಳಿತರೆ ಎರಡು ಮೂರು ದಿನದಲ್ಲಿ ಬಗೆಹರಿಯುವ ಅಥವಾ ಬಗೆಹರಿಯುವ ದಾರಿಗೆ ಬರುವ ಸಂಗತಿಗಳು.

ಬಗೆಹರಿಯದಿರುವುದು ಬರವಣಿಗೆ. ನಮ್ಮ ಗಮನವೆಲ್ಲ ಹರಿಯಬೇಕಾದ್ದು ಇಲ್ಲಿಗೆ. ಒಂದು ಕಥೆಯನ್ನು ರಾತ್ರಿಯೆಲ್ಲ ಹೇಳಬಲ್ಲ, ಸ್ವಸಹಾಯ ಸಂಘದ ಸಭೆಯಲ್ಲಿ ಸಾಲದ ಲೆಕ್ಕವನ್ನು ಬಾಯಲ್ಲೇ ಒಪ್ಪಿಸಬಲ್ಲ ವ್ಯಕ್ತಿಗೆ ‘ಸಂದರ್ಭದೊಡನೆ ಸ್ವಾರಸ್ಯವನ್ನು ವಿವರಿಸಿ’ ಎಂಬ ಪ್ರಶ್ನೆಯ ಮುಂದೆ ಕೈ ಓಡದಿರುವುದು ಏಕೆ? ಕನ್ನಡ ಬಾರದ್ದರಿಂದ ಅಲ್ಲ. ಆ ಪ್ರಶ್ನೆ ಬಯಸುವ ಉತ್ತರವೇ ಒಂದು ಪ್ರತ್ಯೇಕ ಪ್ರಕಾರ. ಆಕರ ಹೇಳಬೇಕು, ಯಾರು ಯಾರಿಗೆ ಹೇಳಿದರೆಂದು ತಿಳಿಸಬೇಕು, ಆಮೇಲೆ ಸ್ವಾರಸ್ಯ ಎಂಬ ಹೆಸರಿನಲ್ಲಿ ಹತ್ತು ಸಾಲು ಬರೆಯಬೇಕು. ‘ಟಿಪ್ಪಣಿ ಬರೆಯಿರಿ’, ‘ವಿಮರ್ಶಿಸಿರಿ’, ‘ನಿರೂಪಿಸಿರಿ’ ಇವುಗಳ ನಡುವಣ ವ್ಯತ್ಯಾಸವನ್ನು ಹದಿನೆಂಟರ ವಿದ್ಯಾರ್ಥಿ ಹೈಸ್ಕೂಲಿನಿಂದ ರೂಢಿಯ ಬಲದಿಂದಲೇ ಕಲಿತು ಬಂದಿರುತ್ತಾನೆ, ಅರ್ಥವಾಗದೆಯೂ ಅನುಸರಿಸುತ್ತಾನೆ. ಆ ರೂಢಿ ತಪ್ಪಿಹೋದವರಿಗೆ ಅದನ್ನು ಬಿಡಿಸಿ ಹೇಳುವವರಿಲ್ಲ. ಪೇಟೆಯಲ್ಲಿ ಸಿಗುವ ಪ್ರಶ್ನೋತ್ತರ ಗೈಡುಗಳು ಸಿದ್ಧ ಉತ್ತರವನ್ನು ಕೊಡುತ್ತವೆ; ಉತ್ತರ ಕಟ್ಟುವ ಬಗೆಯನ್ನು ಕೊಡುವುದಿಲ್ಲ. ಮುಕ್ತ ವಿಶ್ವವಿದ್ಯಾನಿಲಯಗಳ ಸಿದ್ಧಪಾಠಗಳೂ, ಎಷ್ಟೇ ಅಚ್ಚುಕಟ್ಟಾಗಿದ್ದರೂ, ಓದಿ ಬರೆಯುವ ಅಭ್ಯಾಸ ಈಗಾಗಲೇ ಇದೆ ಎಂದು ಊಹಿಸಿಕೊಂಡೇ ಹೊರಡುತ್ತವೆ.

ಇದರ ಜೊತೆಗೆ ಕಾಗುಣಿತದ ಭಯ. ಈ ಭಾಗದ ಆಡುಮಾತಿನಲ್ಲಿ ಹಕಾರ ಸಡಿಲ, ಮಹಾಪ್ರಾಣ ಅಪರೂಪ. ‘ಹಾಲು’ ‘ಆಲು’ ಆಗುವುದು ಇಲ್ಲಿ ಸಹಜ. ಎಳೆಯ ವಿದ್ಯಾರ್ಥಿಗಳ ಬರಹದಲ್ಲೂ ಇದು ಇದ್ದೇ ಇದೆ. ಆದರೆ ಹದಿನೆಂಟರವನ ಉತ್ತರ ಪತ್ರಿಕೆಯ ಮೇಲಿನ ಕೆಂಪು ಗುರುತು ಅವನನ್ನು ಹೆಚ್ಚು ಕಾಡುವುದಿಲ್ಲ. ಮಗಳ ವಯಸ್ಸಿನ ಸಹಪಾಠಿಗಳ ನಡುವೆ ಕುಳಿತ ಹೆಂಗಸಿಗೆ ಅದೇ ಗುರುತು ಮಾರನೆಯ ದಿನ ಬಾರದಿರಲು ಸಾಕಷ್ಟು ಕಾರಣ. ಆಡುಮಾತಿಗೂ ಬರಹದ ಕನ್ನಡಕ್ಕೂ ಇರುವ ಅಂತರದ ಬಗ್ಗೆ ಭಾಷಾವಿಜ್ಞಾನದ ಪತ್ರಿಕೆಯಲ್ಲಿ ನಾವು ಪಾಠ ಮಾಡುತ್ತೇವೆ. ಆ ಅಂತರವನ್ನು ದಾಟಿಸುವ ಪಾಠ ಮಾತ್ರ ನಮ್ಮ ಯಾವ ಪತ್ರಿಕೆಯಲ್ಲಿಯೂ ಇಲ್ಲ.

ಹಾಗೆಂದು ಇಂಥ ವಿದ್ಯಾರ್ಥಿ ಕೊರತೆಗಳ ಮೂಟೆಯೊಂದನ್ನೇ ಹೊತ್ತು ಬರುತ್ತಾರೆಂದು ತಿಳಿಯಬಾರದು. ಒಂದು ಉದಾಹರಣೆ. ಹದಿನಾರನೆಯ ಶತಮಾನದ ಆರಂಭದ ಕವಿ ಮೂರನೆಯ ಮಂಗರಸ ಇದೇ ಹುಣಸೂರು ಸೀಮೆಯ ಕಲ್ಲಹಳ್ಳಿಯವನು (ದೇವರಾಜ ಅರಸರ ಊರಿಗೂ ಅದೇ ಹೆಸರೆಂಬುದನ್ನು ಇಲ್ಲಿನವರಿಗೆ ನೆನಪಿಸಬೇಕಾಗಿಲ್ಲ). ‘ನೇಮಿಜಿನೇಶ ಸಂಗತಿ’, ‘ಸಮ್ಯಕ್ತ್ವ ಕೌಮುದಿ’ಗಳ ಜೊತೆಗೆ ಅವನು ವಾರ್ಧಕ ಷಟ್ಪದಿಯಲ್ಲಿ ‘ಸೂಪಶಾಸ್ತ್ರ’ವನ್ನು ರಚಿಸಿದ್ದಾನೆ. ಹಿಟ್ಟಿನ ಭಕ್ಷ್ಯ, ಪಾನಕ, ಅನ್ನ, ಬದನೆ ಹಲಸು ಮೊದಲಾದವುಗಳ ಪಾಕವಿಧಾನ ಅದರ ವಸ್ತು. ತರಗತಿಯಲ್ಲಿ ಈ ಕೃತಿ ಸಾಮಾನ್ಯವಾಗಿ ಶಾಸ್ತ್ರಸಾಹಿತ್ಯದ ಪಟ್ಟಿಯಲ್ಲಿ ಒಂದು ಹೆಸರಾಗಿ ಬಂದು ಹೋಗುತ್ತದೆ, ಏಕೆಂದರೆ ಅದರ ಪದ್ಯವೊಂದನ್ನು ಎದುರಿಗಿಟ್ಟುಕೊಂಡಾಗ ಅಧ್ಯಾಪಕರಿಗೂ ಎಳೆಯ ವಿದ್ಯಾರ್ಥಿಗಳಿಗೂ ಕೈಗೆ ಸಿಗುವುದು ನಿಘಂಟು ಮಾತ್ರ. ಇಪ್ಪತ್ತು ವರ್ಷ ಒಲೆಯ ಮುಂದೆ ನಿಂತವರು ಅಲ್ಲಿ ಬೇರೆ ಬಗೆಯ ಓದುಗರು. ಹಿಟ್ಟಿನ ಹದವೇನು, ಒಗ್ಗರಣೆಗೆ ಮುಂಚೆ ಯಾವುದು ಬೇಯಬೇಕು, ಪದ್ಯದಲ್ಲಿ ಹೇಳದೆ ಬಿಟ್ಟ ಹಂತ ಯಾವುದು ಎಂಬುದನ್ನು ಅವರು ಹೇಳಬಲ್ಲರು. ವ್ಯವಸಾಯದ ಗಾದೆಗಳಿಗೆ, ಕುಮಾರವ್ಯಾಸನ ಅಡುಗೆಮನೆಯ ಸನ್ನಿವೇಶಗಳಿಗೆ, ಬಸುರಿಯ ಬಯಕೆಯ ವರ್ಣನೆಗಳಿಗೆ ಈ ಮಾತು ಅನ್ವಯಿಸುತ್ತದೆ. ಹಳಗನ್ನಡ ಕಷ್ಟ ಎಂಬ ದೂರಿನ ಒಂದು ಭಾಗವಾದರೂ ಅನುಭವದ ಕೊರತೆಯಿಂದ ಹುಟ್ಟಿದ್ದು. ಆ ಕೊರತೆ ಇಲ್ಲದವರನ್ನು ನಾವು ಹೊರಗಿಟ್ಟಿದ್ದೇವೆ.

ಇದು ಹೊಸ ಆಲೋಚನೆಯೇನೂ ಅಲ್ಲ. 1930ರ ದಶಕದಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಪ್ರಚಾರೋಪನ್ಯಾಸಗಳ ಮೂಲಕ ತನ್ನ ಅಧ್ಯಾಪಕರನ್ನು ಊರೂರಿಗೆ ಕಳುಹಿಸಿ, ಆ ಉಪನ್ಯಾಸಗಳನ್ನು ಚಿಕ್ಕ ಪುಸ್ತಕಗಳಾಗಿ ಅಚ್ಚುಮಾಡಿತು. ಮೈಸೂರಿನ ವಯಸ್ಕರ ಶಿಕ್ಷಣ ಸಮಿತಿ ಹೊಸ ಓದುಗರಿಗಾಗಿ ‘ಬೆಳಕು’ ವಾರಪತ್ರಿಕೆಯನ್ನು ನಡೆಸಿತು. ಡೆನ್ಮಾರ್ಕಿನಲ್ಲಿ 1844ರಲ್ಲಿ ಮೊದಲಾದ ಜನತಾ ಪ್ರೌಢಶಾಲೆಗಳ ಮಾದರಿಯನ್ನು ಗಮನದಲ್ಲಿಟ್ಟುಕೊಂಡು ನಂಜನಗೂಡಿನಲ್ಲಿ ವಿದ್ಯಾಪೀಠವನ್ನು ತೆರೆಯಿತು. 1915ರಲ್ಲಿ ಸ್ಥಾಪನೆಯಾದ ಕನ್ನಡ ಸಾಹಿತ್ಯ ಪರಿಷತ್ತಿನ ಪ್ರವೇಶ, ಕಾವ, ಜಾಣ, ರತ್ನ ಪರೀಕ್ಷೆಗಳನ್ನು ಇಲ್ಲಿ ವಿಶೇಷವಾಗಿ ನೆನೆಯಬೇಕು. ಗೃಹಿಣಿಯರು, ಗುಮಾಸ್ತರು, ಪ್ರಾಥಮಿಕ ಶಾಲೆಯ ಶಿಕ್ಷಕರು ವಯಸ್ಸಿನ ಹಂಗಿಲ್ಲದೆ ಆ ಮೆಟ್ಟಿಲುಗಳನ್ನು ಹತ್ತಿದ್ದಾರೆ. ಮೆಟ್ಟಿಲಿನ ಕಲ್ಪನೆಯೇ ಆ ವ್ಯವಸ್ಥೆಯ ಬಲ. ನಮ್ಮ ಪದವಿ ತರಗತಿಗೆ ಅಂಥ ಕೆಳಮೆಟ್ಟಿಲಿಲ್ಲ.

ಮುಕ್ತ ವಿಶ್ವವಿದ್ಯಾನಿಲಯ ಇರುವಾಗ ಇದೆಲ್ಲ ಏಕೆ ಎಂಬ ಆಕ್ಷೇಪಣೆ ಬರಬಹುದು. ಮೈಸೂರು ವಿಶ್ವವಿದ್ಯಾನಿಲಯದ ಅಂಚೆ ಶಿಕ್ಷಣ 1969ರಲ್ಲಿ ಆರಂಭವಾಯಿತು. ಬ್ರಿಟನ್ನಿನ ಮುಕ್ತ ವಿಶ್ವವಿದ್ಯಾನಿಲಯ ಸ್ಥಾಪನೆಯಾದದ್ದೂ ಅದೇ ವರ್ಷ. ಅಂಚೆ ಶಿಕ್ಷಣ ಬೆಳೆದು 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಯಿತು. ಅಲ್ಲಿ ಓದಿ ಮೇಲೆ ಬಂದವರು ನಮ್ಮ ವಿಭಾಗಗಳಲ್ಲಿಯೇ ಇದ್ದಾರೆ, ಆ ಸೇವೆಯನ್ನು ಕಡಿಮೆಯೆಂದು ಯಾರೂ ಎಣಿಸಲಾರರು. ಆದರೂ ಎರಡು ಮಾತು ಹೇಳಬೇಕು. 2015ರಲ್ಲಿ ಯುಜಿಸಿ ಅದರ ಮಾನ್ಯತೆಯನ್ನು ಹಿಂತೆಗೆದುಕೊಂಡಾಗ, 2018ರಲ್ಲಿ ಮತ್ತೆ ಮಾನ್ಯತೆ ದೊರೆಯುವವರೆಗೆ, ತಡವಾಗಿ ಓದಲು ಹೊರಟವರಿಗಿದ್ದ ಹತ್ತಿರದ ಬಾಗಿಲು ಮುಚ್ಚಿತ್ತು. ಒಂದೇ ಸಂಸ್ಥೆಯ ಮೇಲೆ ಭಾರ ಹಾಕಿ ಉಳಿದವರು ನಿಶ್ಚಿಂತರಾಗಿರುವುದು ಎಷ್ಟು ಅಪಾಯವೆಂಬುದು ಆಗ ತಿಳಿಯಿತು. ಎರಡನೆಯದು ಇನ್ನೂ ಮುಖ್ಯ: ಇಪ್ಪತ್ತು ವರ್ಷ ಪುಸ್ತಕ ಬಿಟ್ಟವರಿಗೆ ಬೇಕಾದ್ದು ಮನೆಗೆ ಬರುವ ಪುಸ್ತಕಕ್ಕಿಂತ ಹೆಚ್ಚಾಗಿ ಜೊತೆಗೆ ಕುಳಿತು ಓದುವ ನಾಲ್ಕು ಜನ. ಮನೆಯಲ್ಲಿ ಕುಳಿತು ಓದುವುದು ಮನೆಗೆಲಸದ ನಡುವೆ ಓದುವುದೇ ಆಗಿರುತ್ತದೆ. ಹೊರಗೆ ಹೋಗುವ ಅನುಮತಿಯೇ ಅನೇಕರಿಗೆ ಓದಿನಷ್ಟೇ ಬೆಲೆಯುಳ್ಳದ್ದು.

ಪದವಿಯಿಂದ ಈ ವಯಸ್ಸಿನಲ್ಲಿ ಕೆಲಸ ಸಿಗುವುದೇ ಎಂದು ಕೇಳುವವರೂ ಇದ್ದಾರೆ. ಹದಿನೆಂಟರಲ್ಲಿ ಸೇರಿದವರಿಗೆ ಎಷ್ಟು ಸಿಕ್ಕಿದೆ ಎಂದು ತಿರುಗಿ ಕೇಳಬಹುದು, ಬಿಡಿ. ಅದಕ್ಕಿಂತ ಗಟ್ಟಿಯಾದ ಆಕ್ಷೇಪಣೆ ಇನ್ನೊಂದಿದೆ. ಸರ್ಕಾರಿ ಪದವಿ ಕಾಲೇಜುಗಳ ಬೋಧನೆಯ ಬಹುಭಾಗ ಅತಿಥಿ ಉಪನ್ಯಾಸಕರ ಹೆಗಲ ಮೇಲಿದೆ, ಅವರಿಗೆ ಮತ್ತೊಂದು ಹೊರೆ ಹೊರಿಸುವುದು ನ್ಯಾಯವೇ? ಸಂಭಾವನೆಯಿಲ್ಲದೆ ಹೊರಿಸುವುದಾದರೆ ಖಂಡಿತ ನ್ಯಾಯವಲ್ಲ. ಪ್ರಸಾರಾಂಗಗಳ ಉಪನ್ಯಾಸ ಯೋಜನೆಯಲ್ಲಿಯೇ ಈ ಬೋಧನೆಯನ್ನು ಸೇರಿಸಿ, ಸಂಶೋಧನ ವಿದ್ಯಾರ್ಥಿಗಳ ಕ್ಷೇತ್ರಕಾರ್ಯದ ಭಾಗವಾಗಿ ಇದನ್ನು ಪರಿಗಣಿಸುವುದು ಸಾಧ್ಯ. ಒಂದು ಹೋಬಳಿಯಲ್ಲಿ ಹಾಡು ಸಂಗ್ರಹಿಸಲು ಆರು ತಿಂಗಳು ಓಡಾಡುವವರು ಅದೇ ಹೋಬಳಿಯಲ್ಲಿ ವಾರಕ್ಕೆ ಎರಡು ಸಂಜೆ ಓದು ಬರಹ ನಡೆಸಿಕೊಟ್ಟರೆ ಅವರ ಪ್ರಬಂಧಕ್ಕೆ ಲಾಭವೇ ಹೊರತು ನಷ್ಟವಿಲ್ಲ.

ಯಾವಾಗ ನಡೆಸಬೇಕೆಂಬುದನ್ನು ಇಲ್ಲಿನ ಬೆಳೆ ಹೇಳುತ್ತದೆ. ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆ ಸೀಮೆ ಹೊಗೆಸೊಪ್ಪಿನ ಸೀಮೆ. ಮುಂಗಾರಿಗೆ ನಾಟಿ, ಆಷಾಢ ಶ್ರಾವಣಗಳಿಂದ ಸೊಪ್ಪು ಮುರಿಯುವುದು, ಕಡ್ಡಿಗೆ ಕಟ್ಟುವುದು, ಬ್ಯಾರನ್ನಿನಲ್ಲಿ ಹದ ಮಾಡುವುದು. ಒಮ್ಮೆ ಬ್ಯಾರನ್ ತುಂಬಿದರೆ ಐದಾರು ದಿನ ಹಗಲು ರಾತ್ರಿ ಉರಿ ಕಾಯಬೇಕು. ಪದವಿ ತರಗತಿಗಳು ಕಾವೇರುವುದೂ ಸರಿಯಾಗಿ ಆಗಲೇ. ಕಾಲೇಜಿನ ಕ್ಯಾಲೆಂಡರು ಈ ಸೀಮೆಯ ದುಡಿಮೆಯ ಕ್ಯಾಲೆಂಡರಿಗೆ ಬೆನ್ನು ಹಾಕಿ ನಿಂತಿದೆ. ರಾಗಿ ಒಕ್ಕಣೆ ಮುಗಿದ ಸಂಕ್ರಾಂತಿಯಿಂದ ಯುಗಾದಿಯವರೆಗಿನ ಅವಧಿಯೇ ಇಲ್ಲಿ ಬಿಡುವು. ಸಸಿಮಡಿಗೆ ನೀರು ಹಾಕುವ ಕೆಲಸ ಬೆಳಿಗ್ಗೆಯೇ ಮುಗಿಯುತ್ತದೆ. ಆ ಎರಡು ಎರಡೂವರೆ ತಿಂಗಳಲ್ಲಿ ಬಿಳಿಕೆರೆಯಂಥ ಕೂಡುರಸ್ತೆಯ ಊರಿನ ಶಾಲಾ ಕೊಠಡಿಯೊಂದರಲ್ಲಿ ಪೂರ್ವಸಿದ್ಧತಾ ತರಗತಿ ನಡೆಯಬೇಕು. ಮೊದಲ ವಾರಗಳಲ್ಲಿ ತಾವು ಹೇಳಿದ್ದನ್ನೇ ತಾವು ಬರೆಯುವುದು: ಒಂದು ಕಥೆ, ಒಂದು ಅಡುಗೆ, ಒಂದು ಜಗಳದ ವಿವರ. ಆಮೇಲೆ ಅದನ್ನೇ ಬರಹದ ಕನ್ನಡಕ್ಕೆ ತಿರುಗಿಸುವುದು. ಪ್ರಶ್ನೆಯನ್ನು ಓದಿ ಅದು ಏನನ್ನು ಕೇಳುತ್ತಿದೆ ಎಂದು ಬಿಡಿಸುವುದು ಕೊನೆಗೆ. ಅಂಕ, ಪ್ರಮಾಣಪತ್ರ ಯಾವುದೂ ಬೇಡ. ಕಾಗದಪತ್ರಗಳ ಕೆಲಸವೂ ಅಲ್ಲಿಯೇ ಆಗಲಿ.

ಕಾಲೇಜಿಗೆ ಸೇರಿದ ಮೇಲೂ ಒಂದು ಗಂಟು ಉಳಿಯುತ್ತದೆ: ಶೇಕಡ 75ರ ಹಾಜರಿ. ರಾತ್ರಿಯಿಡೀ ಬ್ಯಾರನ್ನಿಗೆ ಸೌದೆ ಹಾಕಿದವರು ಬೆಳಿಗ್ಗೆ ಹತ್ತಕ್ಕೆ ತರಗತಿಯಲ್ಲಿರಲಾರರು. ನಿಯಮವನ್ನು ಸಡಿಲಿಸಿ ಎಂದು ಕೇಳಿದರೆ ಅದು ದಾಕ್ಷಿಣ್ಯದ ಮಾತಾಗುತ್ತದೆ, ದಾಕ್ಷಿಣ್ಯ ಒಂದು ವರ್ಷಕ್ಕಿಂತ ಹೆಚ್ಚು ನಡೆಯುವುದಿಲ್ಲ. ಆ ಎರಡು ತಿಂಗಳ ಕೆಲವು ತರಗತಿಗಳಿಗೆ ಬದಲಾಗಿ ಕ್ಷೇತ್ರಕಾರ್ಯವನ್ನು ಒಪ್ಪುವುದು ಕನ್ನಡ ಅಧ್ಯಯನ ಮಂಡಳಿಗಳು ಮುಂದಿಡಬಹುದಾದ ಬೇಡಿಕೆ. ಬ್ಯಾರನ್ನಿನ ಮುಂದೆ ನಡೆಯುವ ಮಾತು, ಸೊಪ್ಪು ಕಟ್ಟುವಾಗ ಹೆಂಗಸರು ಹೇಳುವ ಪದ, ಹೊಗೆಸೊಪ್ಪಿನ ದರ್ಜೆಗಳಿಗೆ ಇಲ್ಲಿನವರು ಇಟ್ಟುಕೊಂಡಿರುವ ಹೆಸರುಗಳು, ಇವು ಸಂಶೋಧಕರು ಧ್ವನಿಮುದ್ರಕ ಹಿಡಿದು ಹೋಗಿ ದಾಖಲಿಸುವ ಸಾಮಗ್ರಿ. ಅದನ್ನು ಅಲ್ಲಿಯೇ ದುಡಿಯುವ ವಿದ್ಯಾರ್ಥಿನಿ ತಾನೇ ಬರೆದು ತಂದರೆ, ಆಕೆಯ ಹೆಸರನ್ನು ಅನುಬಂಧದಲ್ಲಿ ಹಾಕಬೇಕೋ ಮುಖಪುಟದಲ್ಲಿ ಹಾಕಬೇಕೋ ಎಂಬುದನ್ನು ಮಂಡಳಿಯ ಮುಂದಿನ ಸಭೆ ತೀರ್ಮಾನಿಸಲಿ.