ಹಳೇಬೀಡು ಅಂತ ಹುಡುಕಿದರೆ ಹಳೇಬೀಡಿಗೆ ಸಿಗೋದಿಲ್ಲ

‘ಅಷ್ಟೊಂದು ರೆಡಿಮೇಡ್ ಆ್ಯಪ್‌ಗಳಿರುವಾಗ ನೀನ್ಯಾಕಪ್ಪಾ ಸ್ವಂತದ್ದೊಂದು ಬರೀತಾ ಕೂತಿದೀಯ?’

ಈ ಪ್ರಶ್ನೆ ಕೇಳುವವರೆಲ್ಲ ಸಾಫ್ಟ್‌ವೇರ್ ಇಂಜಿನಿಯರುಗಳೇ ಅನ್ನೋದು ಇದರಲ್ಲಿರುವ ತಮಾಷೆ. ಸೋಮವಾರದಿಂದ ಶುಕ್ರವಾರದವರೆಗೆ ಯಾವುದೋ ಖಂಡದ ಯಾವುದೋ ವಿಮಾ ಕಂಪನಿಗಾಗಿ, ಪ್ರಪಂಚದಲ್ಲಿ ಆಗಲೇ ಸಾವಿರ ಸಲ ಬರೆದಾಗಿರುವ ಲಾಗಿನ್ ಪೇಜನ್ನು ಮತ್ತೊಂದು ಸಲ ಬರೆಯುವಾಗ ಇವರಿಗೆ ‘ಇದು ಆಗಲೇ ಇದೆಯಲ್ಲ’ ಅನ್ನಿಸುವುದಿಲ್ಲ. ನಾನು ನನ್ನ ಆಟಕ್ಕೆ ಅಂತ ರಜಾ ದಿನ ಇನ್ನೂರು ಸಾಲು ಪೈಥಾನ್ ಬರೆದರೆ ಮಾತ್ರ ಅದು ಟೈಮ್ ವೇಸ್ಟ್. ಈ ಬರಹ ಅವರಿಗೆ. ಖಾರ ಅನ್ನಿಸಿದರೆ ಪಕ್ಕದಲ್ಲಿ ನೀರಿಟ್ಕೊಳ್ಳಿ.

ಆಟ ಯಾವುದು ಅಂತ ಗೊತ್ತಿಲ್ಲದವರಿಗೆ ಎರಡು ಮಾತು. ಟೇಬಲ್‌ಟಾಪ್ ರೋಲ್ ಪ್ಲೇಯಿಂಗ್ ಗೇಮ್ ಅಂತಾರೆ. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಸೇರಿ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ತಂದರಲ್ಲ, ಅಲ್ಲಿಂದ ಶುರು. ನಾಲ್ಕೈದು ಜನ ಮೇಜಿನ ಸುತ್ತ ಕೂತು ಒಬ್ಬೊಬ್ಬರು ಒಂದೊಂದು ಪಾತ್ರ ವಹಿಸಿ ಮಾತಾಡೋದು, ಅನುಮಾನ ಬಂದ ಕಡೆ ದಾಳ ಉರುಳಿಸೋದು. ಊರು, ಹವೆ, ಶತ್ರು, ದಾರಿಹೋಕರು ಎಲ್ಲವನ್ನೂ ಆಟ ನಡೆಸುವ ಒಬ್ಬರು ಹೊತ್ತುಕೊಳ್ಳೋದು. ನಮ್ಮ ಕರಾವಳಿಯವರಿಗೆ ಇದನ್ನು ವಿವರಿಸಬೇಕಾಗಿಯೇ ಇಲ್ಲ. ತಾಳಮದ್ದಳೆ ಕೇಳಿದ್ದೀರಲ್ಲ? ವೇಷವಿಲ್ಲ, ಕುಣಿತವಿಲ್ಲ, ಕೂತಲ್ಲೇ ಅರ್ಥಧಾರಿಗಳು ಸ್ಥಳದಲ್ಲೇ ಮಾತು ಹುಟ್ಟಿಸುತ್ತಾರೆ, ಭಾಗವತರು ಪ್ರಸಂಗವನ್ನು ನಡೆಸುತ್ತಾರೆ. ಹೆಚ್ಚುಕಡಿಮೆ ಅದೇ. ವ್ಯತ್ಯಾಸ ಇಷ್ಟೇ: ತಾಳಮದ್ದಳೆಯಲ್ಲಿ ಕೊನೆಗೆ ಏನಾಗುತ್ತದೆ ಅಂತ ಎಲ್ಲರಿಗೂ ಗೊತ್ತು, ಇಲ್ಲಿ ಭಾಗವತನಿಗೂ ಗೊತ್ತಿರೋದಿಲ್ಲ. ಆದ್ದರಿಂದ ಭಾಗವತನ ಕೈಯಲ್ಲಿರೋದು ಪ್ರಸಂಗದ ಪುಸ್ತಕ ಅಲ್ಲ, ನೋಟ್ಸ್. ರಾಶಿ ರಾಶಿ ನೋಟ್ಸ್.

ನಮ್ಮ ಆಟ ನಡೆಯೋದು ದೋರಸಮುದ್ರದಲ್ಲಿ, ಅಂದರೆ ಇವತ್ತಿನ ಹಳೇಬೀಡಿನಲ್ಲಿ, 1311ರ ಶುರುವಿನಲ್ಲಿ. ಫೆಬ್ರವರಿಯಲ್ಲಿ ಮಲಿಕ್ ಕಾಫರನ ಸೈನ್ಯ ಬಾಗಿಲಿಗೆ ಬರಲಿದೆ. ದೊರೆ ಮೂರನೇ ಬಲ್ಲಾಳ ಊರಲ್ಲಿಲ್ಲ. ಪಾಂಡ್ಯರ ಅಣ್ಣತಮ್ಮಂದಿರ ಜಗಳದಲ್ಲಿ ಕೈ ಹಾಕಲು ದಕ್ಷಿಣಕ್ಕೆ ಹೋಗಿದ್ದಾನೆ. ಇದು ಇತಿಹಾಸ. ಉಳಿದದ್ದು ನಮ್ಮದು: ಒಬ್ಬಳು ಕೆರೆಯ ತೂಬು ಕಾಯುವವಳು, ಒಬ್ಬ ಕುದುರೆ ವ್ಯಾಪಾರಿ, ಬಸದಿಗೆ ನಡೆದುಕೊಳ್ಳುವ ಒಬ್ಬ ಸೆಟ್ಟಿ, ಮತ್ತೆ ಒಬ್ಬ ಗರುಡ. ಗರುಡ ಅಂದರೆ ಒಡೆಯನ ಜೊತೆಗೇ ಸಾಯುತ್ತೇನೆ ಅಂತ ಶಪಥ ಮಾಡಿದ ಆಳು. ಹೊಯ್ಸಳೇಶ್ವರ ಗುಡಿಯ ಹತ್ತಿರವೇ ಕುವರ ಲಕ್ಷ್ಮನ ಕಂಬ ಇದೆ, ಇಮ್ಮಡಿ ಬಲ್ಲಾಳನಿಗಾಗಿ ಹೆಂಡತಿ ಮತ್ತು ತನ್ನ ಪಡೆಯ ಸಮೇತ ಪ್ರಾಣ ಬಿಟ್ಟವನದ್ದು. ಪ್ರವಾಸಿಗರು ಅದರ ಪಕ್ಕದಲ್ಲೇ ಸೆಲ್ಫಿ ತಗೊಂಡು ಮುಂದೆ ಹೋಗ್ತಾರೆ. ನಮ್ಮ ಆಟದ ಗರುಡನ ಸಮಸ್ಯೆ ಏನಪ್ಪಾ ಅಂದ್ರೆ, ದೊರೆ ಊರಲ್ಲಿಲ್ಲ, ಅವನ ಜೊತೆಗೆ ಸಾಯಬೇಕಾದವನು ಊರಲ್ಲಿದ್ದಾನೆ.

ಒಂದೂವರೆ ವರ್ಷದಿಂದ ಆಡ್ತಾ ಇದ್ದೀವಿ. ಆಟದ ನಡುವೆ ಯಾರಾದರೂ ಇದ್ದಕ್ಕಿದ್ದಂತೆ ‘ಗಾಣದ ಹೆಂಗಸು ಯಾರಿಗೋ ಸಾಲ ಕೊಟ್ಟಿದ್ಲಲ್ಲ, ಯಾರಿಗೆ?’ ಅಂತ ಕೇಳುತ್ತಾರೆ. ಉತ್ತರ ಕೊಡೋದಕ್ಕೆ ನನಗೆ ಹತ್ತು ಸೆಕೆಂಡ್ ಇದೆ. ಹನ್ನೊಂದನೇ ಸೆಕೆಂಡಿಗೆ ಒಬ್ಬರು ಮೊಬೈಲ್ ತೆಗೆದಿರ್ತಾರೆ, ದೋರಸಮುದ್ರ ಕುಸಿದಿರುತ್ತೆ, ಕಾಫರನ ಅವಶ್ಯಕತೆಯೇ ಇಲ್ಲದೆ.

ಈಗ ಆ್ಯಪ್‌ಗಳ ವಿಷಯಕ್ಕೆ ಬರೋಣ. ನೋಟ್ಸ್ ಜೋಡಿಸುವ ಇವತ್ತಿನ ಸಾಫ್ಟ್‌ವೇರ್‌ಗಳಲ್ಲಿ ಬಹುಪಾಲು ಒಂದೇ ಉಪಾಯದ ಮೇಲೆ ನಿಂತಿವೆ: ಹೆಸರಿನ ಸುತ್ತ ಎರಡೆರಡು ಚೌಕ ಕಂಸ ಹಾಕಿ, ಅದು ಆ ಹೆಸರಿನ ಪುಟಕ್ಕೆ ಕೊಂಡಿ ಆಗುತ್ತದೆ. ಹೆಸರು ಅಕ್ಷರಕ್ಕೆ ಅಕ್ಷರ ಹೊಂದಬೇಕು. ಇಂಗ್ಲಿಷಿಗೆ ಇದು ಸಾಕು. ಅಲ್ಲಿ ಟು, ಫ್ರಮ್, ಇನ್ ಎಲ್ಲ ಹೆಸರಿನ ಹೊರಗೆ ಬಾಗಿಲಲ್ಲಿ ಚಪ್ಪಲಿ ಬಿಟ್ಟು ನಿಂತಿರುತ್ತವೆ. ನಮ್ಮಲ್ಲಿ ವಿಭಕ್ತಿ ಹೆಸರಿನ ಮೈಗೇ ಅಂಟಿಕೊಳ್ಳುತ್ತೆ. ಬಲ್ಲಾಳ, ಬಲ್ಲಾಳನಿಗೆ, ಬಲ್ಲಾಳನಿಂದ, ಬಲ್ಲಾಳನೂ, ಬಲ್ಲಾಳನೇ. ಇಷ್ಟಾದರೂ ಪರವಾಗಿಲ್ಲ, ಮೂಲ ಹೆಸರು ಒಳಗೆ ಹಾಗೇ ಇದೆ, ಹುಡುಕಿದರೆ ಸಿಗುತ್ತೆ. ಆದರೆ ಉಕಾರದಲ್ಲಿ ಮುಗಿಯುವ ಹೆಸರು ತಗೊಳ್ಳಿ. ‘ಹಳೇಬೀಡು’ ಅಂತ ಹುಡುಕಿದರೆ ‘ಹಳೇಬೀಡಿಗೆ’, ‘ಹಳೇಬೀಡಿನಲ್ಲಿ’, ‘ಹಳೇಬೀಡಿಂದ’ ಒಂದೂ ಸಿಗೋದಿಲ್ಲ. ಕೊನೆಯ ಕೊಂಬು ಹಾರಿಹೋಗಿ ಅಲ್ಲಿ ಗುಡಿಸು ಬಂದು ಕೂತಿದೆ. ಕನ್ನಡದಲ್ಲಿ ಇಂಥ ಪದ ಎಷ್ಟಿವೆ? ಊರು, ಕಾಡು, ಬೀಡು, ನಾಡು, ಹೆಣ್ಣು, ಕಣ್ಣು, ಕಲ್ಲು, ದೇವರು. ಒಂದು ಕಥೆ ಹೇಳೋದಕ್ಕೆ ಬೇಕಾಗಿರುವ ಅರ್ಧ ಸಾಮಾನು ಇಲ್ಲೇ ಇದೆ!

ಕಂಸವನ್ನು ಹೆಸರಿನ ನಡುವೆಯೇ ಮುಚ್ಚಿಬಿಡೋಣ ಅಂದರೆ? ‘ಹಳೇಬೀಡ’ ಒಳಗೆ, ‘ಇಗೆ’ ಹೊರಗೆ? ಮಾಡಿ ನೋಡಿ. ಆಸರೆಯ ವ್ಯಂಜನ ಇಲ್ಲದ ಗುಡಿಸು ಒಂದು ಚುಕ್ಕಿಚುಕ್ಕಿಯ ವೃತ್ತದ ಮೇಲೆ ಅನಾಥವಾಗಿ ಕೂರುತ್ತೆ. ಪ್ರತಿ ಸಲವೂ ‘ಹಳೇಬೀಡು’ ಅಂತ ಕೊಂಡಿ ಹಾಕಿ, ತೋರಿಸುವ ರೂಪ ‘ಹಳೇಬೀಡಿಗೆ’ ಅಂತ ಮತ್ತೊಮ್ಮೆ ಟೈಪ್ ಮಾಡಬಹುದು, ಆ ಸೌಲಭ್ಯ ಇದೆ. ಅಂದರೆ ಕನ್ನಡದಲ್ಲಿ ಬರೆಯುವವನು ಪ್ರತಿ ಹೆಸರನ್ನೂ ಎರಡು ಸಲ ಬರೆಯಬೇಕು. ಇದನ್ನು ತೆರಿಗೆ ಅಂತ ಕರೆಯದೆ ಇನ್ನೇನಂತ ಕರೆಯೋಣ?

ಇದರ ಕೆಳಗೆ ಇನ್ನೊಂದು ಪದರ ಇದೆ. ಒಂದನೇ ಕ್ಲಾಸಲ್ಲಿ ಮೇಷ್ಟ್ರು ಹೇಳಿಕೊಟ್ಟದ್ದು ನೆನಪಿದೆಯಾ: ಏತ್ವಕ್ಕೆ ದೀರ್ಘ ಕೊಟ್ಟರೆ ಏಕಾರ, ಗುಡಿಸಿಗೆ ದೀರ್ಘ ಕೊಟ್ಟರೆ ಈಕಾರ. ಯೂನಿಕೋಡ್ ಕೂಡ ಅದನ್ನೇ ಹೇಳುತ್ತೆ, ಆದರೆ ಎರಡೂ ದಾರಿಗೆ ಅವಕಾಶ ಕೊಟ್ಟು. ‘ಳೇ’ಯ ಗುರುತನ್ನು ಒಂದೇ ಸಂಕೇತವಾಗಿಯೂ ಇಡಬಹುದು, ಏತ್ವ ಮತ್ತು ದೀರ್ಘ ಅಂತ ಬಿಡಿಸಿಯೂ ಇಡಬಹುದು. ಹಾಗಾಗಿ ‘ಹಳೇಬೀಡು’ ಅನ್ನುವ ಹೆಸರು ಒಂದು ಕಡೆ ಏಳು ಸಂಕೇತ, ಇನ್ನೊಂದು ಕಡೆ ಒಂಬತ್ತು. ಕಣ್ಣಿಗೆ ಎರಡೂ ಒಂದೇ, ಕಂಪ್ಯೂಟರಿಗೆ ಎರಡು ಊರು. ಹಳೆಯ ಮ್ಯಾಕ್‌ಗಳ ಎಚ್‌ಎಫ್‌ಎಸ್ ಪ್ಲಸ್ ವ್ಯವಸ್ಥೆ ಫೈಲ್ ಹೆಸರುಗಳನ್ನು ಬಿಡಿಸಿಯೇ ಇಡುತ್ತಿತ್ತು. ಅಂಥ ಕಡೆಯಿಂದ ಬಂದ ಫೈಲಿನ ಹೆಸರು, ನಿಮ್ಮ ಟಿಪ್ಪಣಿಯೊಳಗಿನ ಹೆಸರು ಪರಸ್ಪರ ಗುರುತು ಹಿಡಿಯದಿದ್ದರೆ ಆಶ್ಚರ್ಯ ಏನಿಲ್ಲ. ಪರಿಹಾರ? ಪೈಥಾನಿನಲ್ಲಿ ಒಂದು ಸಾಲು. ಹೋಲಿಸುವ ಮೊದಲು ಎರಡನ್ನೂ ಒಂದೇ ರೂಪಕ್ಕೆ ತರೋದು, ಅಷ್ಟೇ.

ವಿಭಕ್ತಿಗೆ ನಾನು ಹಾಕಿಕೊಂಡ ನಿಯಮವೂ ಪಾಣಿನಿ ಮಟ್ಟದ್ದೇನಲ್ಲ. ಹೆಸರು ಕೊಂಬಿನಲ್ಲಿ ಮುಗಿದರೆ ಕೊಂಬು ಕಳಚು, ಉಳಿದದ್ದರಿಂದ ಶುರುವಾಗುವ ಎಲ್ಲ ಪದವನ್ನೂ ಹಿಡಿ. ಬೇರೆ ಸ್ವರದಲ್ಲಿ ಮುಗಿದರೆ ಇದ್ದ ಹಾಗೇ ಹಿಡಿ. ‘ಗುರು’ ಹುಡುಕಿದರೆ ‘ಗುರಿ’ಯೂ ಬರುತ್ತೆ, ಬರಲಿ ಬಿಡಿ. ‘ಕಾಡಿಗೆ’ ಅಂತ ಸಿಕ್ಕರೆ ಅದು ಅರಣ್ಯಕ್ಕೋ, ಕಣ್ಣಿಗೆ ಹಚ್ಚುವುದೋ ಪ್ರೋಗ್ರಾಮಿಗೆ ಗೊತ್ತಾಗಲ್ಲ, ನನಗೆ ಗೊತ್ತಾಗುತ್ತೆ. ನಾಲ್ಕು ಹೆಚ್ಚು ಸಿಕ್ಕರೆ ಕಣ್ಣಾಡಿಸಿ ಬಿಡಬಹುದು. ಒಂದು ಸಿಗದೇ ಹೋದರೆ ಅದು ಇಲ್ಲವೇ ಇಲ್ಲ ಅಂದುಕೊಳ್ಳುತ್ತೇವೆ.

ಇನ್ನು ಒಂದೇ ವಸ್ತುವಿಗೆ ಹಲವು ಹೆಸರು. ದೋರಸಮುದ್ರ, ದ್ವಾರಸಮುದ್ರ, ಹಳೇಬೀಡು, ಹಳೆಬೀಡು ಎಲ್ಲ ಒಂದೇ ಜಾಗ. ಶಾಸನಗಳದ್ದು ಮತ್ತೊಂದು ಕಥೆ. ಬಿ. ಎಲ್. ರೈಸ್ 1902ರಲ್ಲಿ ತಂದ ಎಪಿಗ್ರಾಫಿಯಾ ಕರ್ನಾಟಿಕಾದ 5ನೇ ಸಂಪುಟ ಹಾಸನ ಜಿಲ್ಲೆಯದ್ದು. ತಾಲೂಕಿನ ಹೆಸರು, ಪಕ್ಕದಲ್ಲಿ ಕ್ರಮಸಂಖ್ಯೆ, ಅದೇ ವಿಳಾಸ. ಹಳೇಬೀಡಿನ ಶಾಸನ ಬೇಕಾದರೆ ಬೇಲೂರು ಅಂತ ನೋಡಬೇಕು. ಆಮೇಲೆ ಮೈಸೂರು ವಿಶ್ವವಿದ್ಯಾನಿಲಯದ ಪರಿಷ್ಕೃತ ಆವೃತ್ತಿ ಬಂತು, ಸಂಪುಟವೂ ಬದಲು, ಸಂಖ್ಯೆಯೂ ಬದಲು. ಒಬ್ಬ ವಿದ್ವಾಂಸರು ಹಳೇ ನಂಬರ್ ಕೊಡ್ತಾರೆ, ಇನ್ನೊಬ್ಬರು ಹೊಸದು, ಕಲ್ಲು ಅದೇ. ನನ್ನ ಪ್ರೋಗ್ರಾಮಿನಲ್ಲಿ ಪ್ರತಿ ಪುಟದ ಮೇಲೂ ‘ಉರುಫ್’ ಅಂತ ಒಂದು ಸಾಲಿದೆ. ಅಲ್ಲಿ ಎಲ್ಲ ಹೆಸರೂ ಬರೆದಿಟ್ಟರೆ ಮುಗೀತು. ಕಾಲದ್ದೂ ಹಾಗೇ. ಪಾತ್ರಗಳು ‘ಫೆಬ್ರವರಿ’ ಅನ್ನೋದಿಲ್ಲ, ‘ಸಾಧಾರಣ ಸಂವತ್ಸರದ ಫಾಲ್ಗುಣ’ ಅಂತಾವೆ. ಸಂವತ್ಸರ ಅರವತ್ತು ವರ್ಷಕ್ಕೊಮ್ಮೆ ತಿರುಗಿ ಬರುತ್ತೆ. ಶಕವರ್ಷ 1232 ಅಂತ ಜೊತೆಗಿದ್ದರೆ ಮಾತ್ರ ಯಾವ ಸಾಧಾರಣ ಅಂತ ಗೊತ್ತಾಗೋದು. ರೆಡಿಮೇಡ್ ಕ್ಯಾಲೆಂಡರಿಗೆ ಇದನ್ನು ಹೇಳಿ ನೋಡಿ, ನಿಮ್ಮನ್ನು ಜನವರಿಗೆ ವಾಪಸ್ ಕಳಿಸುತ್ತೆ.

ಇಲ್ಲಿಗೆ ಬಂದಾಗ ಗೆಳೆಯರ ಕಡೇ ಅಸ್ತ್ರ ಹೊರಬೀಳುತ್ತೆ: ‘ಇಷ್ಟೆಲ್ಲ ತಲೆನೋವ್ಯಾಕೆ, ನೋಟ್ಸ್ ಇಂಗ್ಲಿಷಲ್ಲಿ ಬರಿ ಗುರೂ.’

ನನ್ನ ಜಗಳ ಇರೋದೇ ಈ ಮಾತಿನ ಜೊತೆ. ನೋಟ್ಸ್ ಯಾವ ಭಾಷೆಯಲ್ಲಿರುತ್ತೋ ಮೇಜು ಆ ಭಾಷೆಗೆ ಜಾರುತ್ತೆ. ಆಟ ನಡೆಸುವವನು ಕೆಳಗೆ ನೋಡಿ ‘ಬಂಡ್’ ಅಂತ ಓದಿದರೆ ಮೇಲೆ ನೋಡಿ ‘ಏರಿ’ ಅನ್ನೋದಿಲ್ಲ. ತೂಬು, ಕೋಡಿ, ಏರಿ ಈ ಮೂರರ ವ್ಯತ್ಯಾಸ ಗೊತ್ತಿದ್ದವರಿಗೆ ಮಾತ್ರ ಕೆರೆಯ ಊರಿನಲ್ಲಿ ಮುತ್ತಿಗೆ ಅಂದರೇನು ಅಂತ ಗೊತ್ತಾಗುತ್ತೆ. ತೂಬು ಕಾಯುವವಳು ಬರೀ ‘ವಾಟರ್ ಗಾರ್ಡ್’ ಆಗಿಬಿಟ್ಟರೆ ಅವಳ ಕೈಯಲ್ಲಿ ಏನಿದೆ ಅಂತ ಆಡುವವಳಿಗೇ ಹೊಳೆಯಲ್ಲ. ಗಾವುಂಡ, ಹೆಗ್ಗಡೆ, ಪಟ್ಟಣಸ್ವಾಮಿ ಮೂವರೂ ಇಂಗ್ಲಿಷಿನಲ್ಲಿ ‘ಹೆಡ್‌ಮ್ಯಾನ್’ ಆಗಿ ಒಬ್ಬರ ಮೇಲೊಬ್ಬರು ಬಿದ್ದು ಸಾಯ್ತಾರೆ. ಹೊಯ್ಸಳರ ಗುಡಿಗಳಿಗೆ 2023ರಲ್ಲಿ ಯುನೆಸ್ಕೋ ಪಟ್ಟ ಸಿಕ್ಕಾಗ ಸ್ಟೇಟಸ್ ಹಾಕಿಕೊಂಡ ನಾವೇ, ಆ ಊರನ್ನು ಕೂತು ಕಲ್ಪಿಸಿಕೊಳ್ಳುವ ಎರಡು ಗಂಟೆಯಲ್ಲಿ ಆ ಊರಿನ ಮಾತನ್ನು ಹೊರಗಿಡ್ತೀವಿ. ಯಾಕೆ? ಹುಡುಕುವ ಪೆಟ್ಟಿಗೆಗೆ ವಿಭಕ್ತಿ ಗೊತ್ತಿಲ್ಲ ಅಂತ. ಅದನ್ನು ಸರಿಮಾಡೋದು ನಮ್ಮ ಕಸುಬೇ ಅಲ್ವಾ ಸ್ವಾಮಿ? ಇಂದಿರಾನಗರದಲ್ಲಿ ಕೂತು ಜರ್ಮನ್ ಇನ್‌ವಾಯ್ಸಿನ ತಾರೀಖಿನ ಚುಕ್ಕಿ ಎಲ್ಲಿರಬೇಕು ಅಂತ ವಾರಗಟ್ಟಲೆ ಚರ್ಚಿಸುವವರು ನಾವು.

ಕನ್ನಡದ ಉಪಕರಣಗಳನ್ನು ಯಾರೋ ದೊಡ್ಡವರು ಮಾಡಿಕೊಡ್ತಾರೆ ಅಂತ ಕಾದಿದ್ದರೆ ಇವತ್ತಿಗೂ ಕಾಯ್ತಾ ಇರುತ್ತಿದ್ದೆವು. ‘ಬರಹ’ 1998ರಲ್ಲಿ ಬಂದದ್ದು ಶೇಷಾದ್ರಿವಾಸು ಅವರೊಬ್ಬರ ಹಠದಿಂದ. ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಕೂತು ಒಂದೂವರೆ ಲಕ್ಷಕ್ಕೂ ಹೆಚ್ಚು ಕನ್ನಡ ಪದಗಳನ್ನು ಜೋಡಿಸಿಟ್ಟರು. 2019ರಲ್ಲಿ ಅದು ‘ಅಲರ್’ ನಿಘಂಟಾಗಿ ಎಲ್ಲರಿಗೂ ಮುಕ್ತವಾಯಿತು. ಅವರಿಗೂ ಯಾರೋ ‘ಡಿಕ್ಷನರಿ ಆಗಲೇ ಇದೆಯಲ್ಲ’ ಅಂದಿರಲೇಬೇಕು ಅಂತ ನನ್ನ ಊಹೆ.

ಒಂದು ಆಕ್ಷೇಪ ಮಾತ್ರ ನ್ಯಾಯವಾದದ್ದು. ಸಾಫ್ಟ್‌ವೇರ್ ಬರೆಯುವ ಗುಂಗಿನಲ್ಲಿ ಆಟವೇ ಆಡದವರು ಬಹಳ ಜನ ಇದ್ದಾರೆ. ವರ್ಷಗಟ್ಟಲೆ ಬಣ್ಣಬಣ್ಣದ ಲೇಬಲ್, ನಕ್ಷೆ, ಗ್ರಾಫ್ ಎಲ್ಲ ಸಿದ್ಧ ಮಾಡಿ ಮೇಜಿಗೆ ಒಬ್ಬರನ್ನೂ ಕರೆಯದವರು. ಅದಕ್ಕೆ ನಾನೊಂದು ಕಟ್ಟುಪಾಡು ಇಟ್ಟುಕೊಂಡಿದ್ದೇನೆ: ಹಿಂದಿನ ಆಟದಲ್ಲಿ ನಿಜವಾಗಿ ಎಡವಿದ ಕಲ್ಲನ್ನು ಮಾತ್ರ ತೆಗೆಯೋದು. ಮುಂದೆ ಬೇಕಾದೀತು ಅನ್ನುವುದನ್ನು ಮುಟ್ಟುವ ಹಾಗಿಲ್ಲ. ಹಾಗಾಗಿ ನನ್ನದರಲ್ಲಿ ನಕ್ಷೆ ಇಲ್ಲ, ಬಣ್ಣ ಇಲ್ಲ, ಮೊಬೈಲ್ ಆವೃತ್ತಿ ಇಲ್ಲ. ಸಾದಾ ಪಠ್ಯದ ಫೈಲುಗಳ ಒಂದು ಫೋಲ್ಡರ್, ಒಂದು ಹುಡುಕುವ ಪೆಟ್ಟಿಗೆ, ಉರುಫ್ ಸಾಲು. ಪ್ರೋಗ್ರಾಂ ನಾಳೆ ಕೆಟ್ಟರೂ ಫೈಲುಗಳನ್ನು ನೋಟ್‌ಪ್ಯಾಡಿನಲ್ಲಿ ಓದಬಹುದು.

‘ಹಾಗಾದ್ರೆ ಕೋಡ್ ಕೊಡು’ ಅಂತೀರಾ? ಕೊಡಲ್ಲ. ಜಂಬಕ್ಕಲ್ಲ, ಅದು ನನ್ನ ಮೇಜಿನ ಐದು ಜನರ ಕನ್ನಡಕ್ಕೆ ಹೊಲಿದ ಅಂಗಿ. ಮೇಲೆ ಹೇಳಿದ ನಿಯಮಗಳನ್ನು ತಗೊಳ್ಳಿ, ನಿಮ್ಮ ಮೇಜಿನವರು ಹೇಗೆ ಮಾತಾಡ್ತಾರೆ ಅಂತ ಕೇಳಿಸಿಕೊಂಡು ನಿಮ್ಮದು ನೀವು ಬರ್ಕೊಳ್ಳಿ. ನಮ್ಮ ಕುದುರೆ ವ್ಯಾಪಾರಿಯ ಪಾತ್ರ ಮಾಡುವವನು ಧಾರವಾಡದವನು, ಆಟದ ದಿನಚರಿ ಬರೆಯುವ ಸರದಿ ಈಗ ಅವನದ್ದು. ಅವನು ‘ಹಳೇಬೀಡಿನಾಗ’ ಅಂತ ಬರೆದದ್ದು ನನ್ನ ನಿಯಮಕ್ಕೆ ಸಲೀಸಾಗಿ ಸಿಕ್ಕಿತು. ಆದರೆ ತೂಬಿನ ಬೀಗ ಬಿಸಾಕಿದ್ದು ‘ಕೆರ್ಯಾಗ’ ಅಂತ ಬರೆದಿದ್ದಾನೆ, ‘ಕೆರೆ’ ಅಂತ ಹುಡುಕಿದರೆ ಅದು ಬರ್ತಾ ಇಲ್ಲ. ಈ ಶನಿವಾರ ಅದಕ್ಕೊಂದು ಸಾಲು ಸೇರಿಸಬೇಕು.